ರಾತ್ರಿ ಲೆನ್ಸಿನ ಮಕ್ಕಳು

ನಾನು ಕಣ್ಣಿನ ದವಾಖಾನೆಯಲ್ಲಿ ಕಣ್ಣು ಪರೀಕ್ಷಿಸಿ ನಂಬರ್ ತೆಗೆಯುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ದಿನಕ್ಕೊಂದು ಊರು. ದೂರದ್ದು ಕಾಣದ ಮಕ್ಕಳಿಗೆ ರಾತ್ರಿ ಹಾಕಿಕೊಂಡು ಮಲಗುವ ಲೆನ್ಸ್ ಕೊಡುತ್ತೇವೆ. ನಿದ್ದೆಯಲ್ಲಿ ಅದು ಕಣ್ಣಿನ ಮೇಲ್ಪದರವನ್ನು ಮೆಲ್ಲಗೆ ಒತ್ತಿ ತಿದ್ದುತ್ತದೆ. ಬೆಳಿಗ್ಗೆ ತೆಗೆದರೆ ದಿನವಿಡೀ ಚಾಳೀಸ, ಅಂದರೆ ಕನ್ನಡಕ, ಬೇಡ. ಇಷ್ಟನ್ನು ತಿಳಿಸಿ ಹೇಳುವಷ್ಟರಲ್ಲಿ ಎಲ್ಲ ಊರಲ್ಲೂ ಏನಾದರೊಂದು ತಮಾಷೆ ನಡೆಯುತ್ತದೆ. ಆಗ ನಗುತ್ತೇನೆ. ಮನೆಗೆ ಹೋದ ಮೇಲೆ ಊಟ ಸೇರುವುದಿಲ್ಲ.

ಅಜ್ಜನ ಪಾಲು

ಸಿಂದಗಿಯಲ್ಲಿ ಮೊಮ್ಮಗನನ್ನು ಕರೆತಂದ ಅಜ್ಜ ಕೇಳಿದ, "ರಾತ್ರಿ ಹಾಕಿದ್ರ ಹಗಲ ಕಾಣ್ತದೇನ್ರಿ? ಹಂಗಾದ್ರ ನನಗೂ ಒಂದ್ ಜೋಡಿ ಕೊಡ್ರಿ."

ಅಜ್ಜನ ಕಣ್ಣು ನೋಡಿದೆ. ನರವೇ ಹೋಗಿತ್ತು. "ಅಜ್ಜಾರ, ನಿಮಗ ಇದರಿಂದ ಉಪಯೋಗ ಇಲ್ರಿ."

"ಇಂಡಿ ಊರಾಗೂ ಹಂಗ ಅಂದಿದ್ರು. ಊರು ಬದಲಾದ್ರ ಉತ್ತರಾನೂ ಬದಲಾದೀತೇನೋ ಅಂತ ಕೇಳಿದೆ, ಅಷ್ಟ."

ವರ ನೋಡಿದ್ದು

ಮುದ್ದೇಬಿಹಾಳದ ತಾಯಿಯೊಬ್ಬಳಿಗೆ ಮಗಳ ಮದುವೆಯ ಚಿಂತೆ. ಮಗಳಿನ್ನೂ ಶಾಲೆಯಲ್ಲಿ ನಾಲ್ಕನೇ ಇಯತ್ತೆ. "ಚಾಳೀಸ ಇದ್ರ ನಾಳೆ ವರ ಸಿಗೂದಿಲ್ರಿ," ಎಂದಳು. ಆಕೆಯ ಮೂಗಿನ ಮೇಲೇ ದಪ್ಪ ಚಾಳೀಸವಿತ್ತು.

ಮಗಳು ಕೇಳಿದಳು, "ಮತ್ತ ನಿನಗ ಅಪ್ಪ ಹೆಂಗ ಸಿಕ್ಕ?"

"ವರ ನೋಡಾಕ ಬಂದಾಗ ಚಾಳೀಸ ತಗಸಿ ಕುಂದರ್ಸಿದ್ರವ್ವ. ನಿಮ್ಮಪ್ಪನ ಮಾರಿ ನನಗ ಕಂಡದ್ದ ತಾಳಿ ಕಟ್ಟಿದ ಮ್ಯಾಲೆ."

ಮುಚ್ಚಿದ ಕಣ್ಣು

ಬಾಗೇವಾಡಿಯ ಒಬ್ಬ ಹುಡುಗಿಗೆ ದಿನಾ ಮಲಗುವಾಗ ಅವ್ವನೇ ಲೆನ್ಸ್ ಹಾಕುತ್ತಿದ್ದಳು. ಅವ್ವ ಜ್ವರ ಬಂದು ತೀರಿಕೊಂಡಳು. ದುಃಖದ ಮನೆಯಲ್ಲಿ ಲೆನ್ಸ್ ಯಾರಿಗೆ ನೆನಪಾಗಬೇಕು? ಟೆಂಪೊ ಓಡಿಸುವ ಅಪ್ಪ ಮಗಳ ಕೈ ಹಿಡಿದು ಬಂದ.

"ಅತ್ತು ಅತ್ತು ಕೂಸಿನ ಕಣ್ಣು ಮಬ್ಬಾಗ್ಯಾವ್ರಿ."

"ಅತ್ತದ್ದಕ್ಕಲ್ರಿ. ಲೆನ್ಸ್ ಹಾಕೂದು ಬಿಟ್ರ ಕಣ್ಣು ಮೊದಲಿನಂಗ ಮಬ್ಬಾಗ್ತಾವ. ಹಾಕಿದ್ರ ಮತ್ತ ಕಾಣ್ತದ."

ಅವನು ಮಗಳ ತಲೆ ಸವರಿದ. "ಹಾಕಾಕ ಆಕಿ ಇಲ್ಲಲ್ರಿ," ಎಂದ. ಆಮೇಲೆ, "ನನಗ ಕಲಸ್ರಿ."

ಸಾಬೂನು ಹಚ್ಚಿ ಕೈ ತೊಳೆಸಿದೆ, ಒರೆಸಿಕೊಳ್ಳಲು ಹೇಳಿದೆ, ಲೆನ್ಸಿಗೆ ನಲ್ಲಿ ನೀರು ತಾಗಿಸಬಾರದೆಂದೆ. ಔಷಧ ಹಾಕಿದ ಲೆನ್ಸನ್ನು ಅವನ ಬೆರಳ ತುದಿಗಿಟ್ಟೆ. ಬೆರಳು ಮಗಳ ಕಣ್ಣಿನ ಹತ್ತಿರ ಹೋದಾಗಲೆಲ್ಲ ಅವನು ತನ್ನ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದ. ಲೆನ್ಸ್ ಒಮ್ಮೆ ಹುಬ್ಬಿಗೆ ಅಂಟಿತು, ಒಮ್ಮೆ ಗಲ್ಲಕ್ಕೆ. ಪ್ರತಿ ಸಲವೂ ಔಷಧದಲ್ಲಿ ತೊಳೆದು ಕೊಟ್ಟೆ. ಹುಡುಗಿ ಮಿಸುಕದೆ ಕೂತಿದ್ದಳು.

"ಅಪ್ಪಾ, ಕಣ್ಣು ನಂದು. ನೀ ಯಾಕ ಮುಚ್ಚಾಕತ್ತಿ?"

"ನಿನಗ ನೋವಾದೀತು ಅಂತವ್ವ."

"ಎದುರಿಗೆ ಲಾರಿ ಬಂದ್ರೂ ಹಿಂಗ ಮುಚ್ತಿಯೇನು?"

ಅವ್ವ ಹೋದ ಮೇಲೆ ಅವರಿಬ್ಬರೂ ನಕ್ಕಿರಲಿಲ್ಲವಂತೆ. ಅಪ್ಪ ನಕ್ಕ, ಅತ್ತ, ಮಾರಿ ಒರೆಸಿಕೊಂಡು ಮತ್ತೆ ಕೈ ತೊಳೆದು ಬಂದ. ಆ ಸಲ ಲೆನ್ಸ್ ಸರಿಯಾಗಿ ಕೂತಿತು. ತನ್ನ ಕಣ್ಣು ತೆರೆದೇ ಹಾಕಿದ. ಜೊತೆಗೆ ಬಾಯಿಯೂ ತೆರೆದಿತ್ತು.