ಕೂಡಿಸುವ ಚಿಹ್ನೆಗೆ ಒಂದು ಓಟು

ಆಯ್ತಪ್ಪನ ರಜೆಗೆ ಅಡ್ಡ ಬಂದದ್ದು ಎರಡು ಚಿಹ್ನೆ: ಒಂದು ಪ್ಲಸ್, ಅದಕ್ಕೆ ಅಂಟಿಕೊಂಡ ಒಂದು ಈಕ್ವಲ್.

ಆಯ್ತಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ ‘ಆಯ್ತು’ ಎನ್ನುವವನಿಗೆ ವಿಮಾ ಕಂಪನಿಯ ಕಂಪ್ಯೂಟರ್ ವಿಭಾಗ ಕೊಟ್ಟ ಬಿರುದು. ಆ ವಿಭಾಗ ನಡೆಯುತ್ತಿದ್ದದ್ದು ಒಂದು ಮುದಿ ಭಾಷೆಯ ಮೇಲೆ. ಅದರಲ್ಲಿ ಪ್ರೋಗ್ರಾಮು ಬರೆಯುವುದೆಂದರೆ ಮಾವನಿಗೆ ಕಾಗದ ಬರೆದ ಹಾಗೆ. ಎಲ್ಲವನ್ನೂ ಪೂರ್ತಿ ವಾಕ್ಯದಲ್ಲಿ, ಮರ್ಯಾದೆಯಿಂದ ಹೇಳಬೇಕು. ‘ಈ ತಿಂಗಳ ಕಂತನ್ನು ಒಟ್ಟು ಕಂತಿಗೆ ಕೂಡಿಸು’ ಎಂದು ಉದ್ದಕ್ಕೆ ಬರೆದು, ಕೊನೆಗೊಂದು ಚುಕ್ಕಿ ಇಟ್ಟರೆ ಮಾತ್ರ ಅದು ಕೂಡಿಸುತ್ತಿತ್ತು. ಕಂಪನಿ ಈ ಭಾಷೆಯನ್ನು ಎಂದೋ ತನ್ನದಾಗಿಸಿಕೊಂಡು, ಬೇಕಾದಾಗ ತಾನೇ ತಿದ್ದಿಕೊಳ್ಳುತ್ತ ಬಂದಿತ್ತು. ಇಷ್ಟುದ್ದದ ವಾಕ್ಯದ ಬದಲು ಆ ಎರಡು ಚಿಹ್ನೆ ಹಾಕಿದರೆ ಸಾಕು ಎಂಬ ಸೌಕರ್ಯವನ್ನು ಅದಕ್ಕೆ ಸೇರಿಸಬೇಕೋ ಬೇಡವೋ ಎಂದು ಐದು ಜನರ ಸಮಿತಿ ಇವತ್ತು ಮಧ್ಯಾಹ್ನ ತೀರ್ಮಾನಿಸಬೇಕಿತ್ತು. ಇಬ್ಬರದು ‘ಬೇಕು’, ಇಬ್ಬರದು ‘ಬೇಡ’. ಐದನೆಯವನು ಆಯ್ತಪ್ಪ.

ಅವನಿಗೆ ಚಿಹ್ನೆಯ ಚಿಂತೆ ಇರಲಿಲ್ಲ. ನಾಳೆ ಬೆಳಿಗ್ಗೆ ಹೆಂಡತಿ, ಅತ್ತೆ, ಮಾವರೊಂದಿಗೆ ಕಡಲ ತೀರಕ್ಕೆ ಹೊರಡಬೇಕಿತ್ತು. ಮದುವೆಯಾದಂದಿನಿಂದ ‘ಮುಂದಿನ ವರ್ಷ’ ಎನ್ನುತ್ತ ಬಂದ ಪ್ರವಾಸ. ಹೆಂಡತಿ ಹಾಲಿನವನಿಗೆ ಬೇಡವೆಂದು ಹೇಳಿ, ಹೂಕುಂಡಗಳನ್ನು ಪಕ್ಕದ ಮನೆಗೆ ಸಾಗಿಸಿಯೂ ಆಗಿತ್ತು. ರಜೆ ಮಾತ್ರ ಸಿಕ್ಕಿರಲಿಲ್ಲ. ಕೊಡಬೇಕಾದವರು ತಂಡದ ಮೇಡಂ. ಅವರು ಕೊಡಬೇಕಾದರೆ ಆಯ್ತಪ್ಪನ ಕೆಲಸ ನೋಡಿಕೊಳ್ಳಲು ಪೂರ್ಣವಿರಾಮರು ಒಪ್ಪಬೇಕು. ಪೂರ್ಣವಿರಾಮ ಎಂಬುದೂ ಬಿರುದೇ, ವಿಭಾಗದ ಅತಿ ಹಿರಿಯರದು. ಒಂದು ಚುಕ್ಕಿಯನ್ನೂ ಮರೆತವರಲ್ಲ, ಮರೆತವರನ್ನು ಕ್ಷಮಿಸಿದವರೂ ಅಲ್ಲ. ಮೇಡಂ ‘ಬೇಕು’ ಕಡೆಯ ಮುಂದಾಳು, ಇವರು ‘ಬೇಡ’ ಕಡೆಯ ಮುಂದಾಳು.

ಬೆಳಿಗ್ಗೆ ಲಿಫ್ಟಿನಲ್ಲೇ ಪೂರ್ಣವಿರಾಮರು ಅವನನ್ನು ಮೂಲೆಗೆ ಒತ್ತಿದರು.

“ನೋಡಪ್ಪಾ, ಇವತ್ತು ವಾಕ್ಯ ಕತ್ತರಿಸ್ತಾರೆ, ನಾಳೆ ನಮ್ಮ ಕುರ್ಚಿ ಕತ್ತರಿಸ್ತಾರೆ. ನಿನ್ನ ಓಟು ನಮ್ಮ ಕಡೆ ತಾನೆ?”

“ಆಯ್ತು ಸಾರ್. ನನ್ನ ರಜೆಗೆ ಸ್ವಲ್ಪ...”

“ನಿನ್ನ ಕೆಲಸ ನನ್ನ ತಲೆ ಮೇಲಿರಲಿ. ನೆಮ್ಮದಿಯಾಗಿ ಹೋಗಿ ಬಾ.”

ಚಹಾ ಯಂತ್ರದ ಮುಂದೆ ಮೇಡಂ ಸಿಕ್ಕರು. ಒಂದನ್ನು ಇನ್ನೊಂದಕ್ಕೆ ಕೂಡಿಸು ಎಂದು ಬರೆದು ಬರೆದು ತಮ್ಮ ಬೆರಳು ಸವೆದವೆಂದೂ, ಬೇರೆ ಭಾಷೆಯವರ ಮುಂದೆ ತಲೆಯೆತ್ತಲು ಆಗುತ್ತಿಲ್ಲವೆಂದೂ ತೋಡಿಕೊಂಡು, ಓಟು ತಮ್ಮ ಕಡೆಗೆ ಹಾಕಿದರೆ ಸಭೆ ಮುಗಿದ ಕೂಡಲೆ ರಜೆ ಕೊಡುವುದಾಗಿ ಹೇಳಿದರು. ಅವರಿಗೂ ‘ಆಯ್ತು’ ಎಂದ.

ಹಿಂದೆ ಲೋಟ ಹಿಡಿದು ನಿಂತಿದ್ದವರು ಲೆಕ್ಕಪತ್ರದ ಅಕ್ಕ, ಸಮಿತಿಯಲ್ಲಿ ಪೂರ್ಣವಿರಾಮರ ಪಕ್ಷದವರು. ಅವರ ಕಿವಿಗೆ ಬಿದ್ದ ಮಾತು ಕೆರೆಗೆ ಬಿದ್ದ ಕಲ್ಲಿನ ಹಾಗೆ. ಅಲೆ ಎಲ್ಲ ದಡವನ್ನೂ ಮುಟ್ಟಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಪೂರ್ಣವಿರಾಮರು ಆಯ್ತಪ್ಪನ ಮೇಜಿನ ಬಳಿ ಬಂದು, ಅವನನ್ನೇ ನೋಡುತ್ತ ಕನ್ನಡಕ ಒರೆಸಿಕೊಂಡು ಹೋದರು. ಅದಾದ ಮೇಲೆ ಸಮಿತಿಯಲ್ಲಿ ಮೇಡಂ ಕಡೆಗಿದ್ದ ಇನ್ನೊಬ್ಬ, ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿದ್ದ ಪರೀಕ್ಷಕ, ಅವನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕಾವಲು ಕೂತ. ಆಯ್ತಪ್ಪ ನೀರು ಕುಡಿಯಲು ಎದ್ದರೂ ಅವನು ಹಿಂದೆಯೇ ಬಂದ.

ಫೋನು ಬಡಿದುಕೊಂಡಿತು.

“ರಜೆ ಸಿಕ್ತಾ?” ಹೆಂಡತಿ.

“ಸಿಗುತ್ತೆ.”

“ಸಿಗುತ್ತೆ ಅನ್ನೋದನ್ನ ಮದುವೆ ದಿನದಿಂದ ಕೇಳ್ತಿದ್ದೀನಿ. ಅಮ್ಮ ಆಗಲೇ ಚಪ್ಪಲಿ ಹಾಕ್ಕೊಂಡು ಕೂತಿದ್ದಾರೆ.”

“ಹೊರಡೋದು ನಾಳೆ ಅಲ್ವಾ?”

“ಅದು ಅಮ್ಮನಿಗೂ ಗೊತ್ತು.”

ಸಭೆಯಲ್ಲಿ ಎರಡು ಕಡೆಯವರೂ ಗಂಟಲು ಹರಿದುಕೊಂಡರು. ಚಿಹ್ನೆ ಬಂದರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ ಎಂದು ಅಕ್ಕ. ಬರದಿದ್ದರೆ ವಿಭಾಗವೇ ವಸ್ತುಸಂಗ್ರಹಾಲಯವಾಗುತ್ತದೆ ಎಂದು ಪರೀಕ್ಷಕ. ವಿಭಾಗದ ಮುಖ್ಯಸ್ಥರು ಕೈಯೆತ್ತಿ ಓಟು ಹಾಕಿ ಎಂದರು. ಆಯ್ತಪ್ಪನ ಎರಡು ಕೈಗಳೂ ಎರಡೆರಡು ಮಣ ಭಾರವಾದವು. ಮುಳುಗುವವನಿಗೆ ಹೊಳೆಯುವ ಹಾಗೆ ಅವನಿಗೊಂದು ಉಪಾಯ ಹೊಳೆಯಿತು.

“ಸಾರ್, ಗುಟ್ಟಾಗಿ ಚೀಟಿ ಬರೆದು ಹಾಕಿದ್ರೆ ಹೇಗೆ?”

ಅವನು ಸಭೆಯಲ್ಲಿ ಸಲಹೆ ಕೊಟ್ಟದ್ದು ಅದೇ ಮೊದಲು. ಮುಖ್ಯಸ್ಥರು ಒಪ್ಪಿದರು, ಜೊತೆಗೆ ವಿಭಾಗದ ಹಳೇ ಪದ್ಧತಿಯನ್ನೂ ನೆನಪಿಸಿದರು: ಗೆದ್ದ ಕಡೆಯವರೇ ಕೆಲಸ ಹೊರಬೇಕು, ಅದೂ ನಾಳೆಯಿಂದಲೇ. ‘ಬೇಕು’ ಗೆದ್ದರೆ ಆ ಕಡೆಯವರು ಭಾಷೆಯನ್ನು ತಿದ್ದಿ, ಹಳೆಯ ಪ್ರೋಗ್ರಾಮುಗಳನ್ನು ಒಂದೂ ಬಿಡದೆ ಓಡಿಸಿ ನೋಡಬೇಕು. ‘ಬೇಡ’ ಗೆದ್ದರೆ ಆ ಕಡೆಯವರು ವಾರವಾರವೂ ಮೇಲಿನವರ ಮುಂದೆ ನಿಂತು ಯಾಕೆ ಬೇಡವೆಂದು ವಿವರಿಸಬೇಕು.

ಉಳಿದ ನಾಲ್ವರೂ ಪೆನ್ನಿನ ತುದಿ ಕಚ್ಚುತ್ತ ಕೂತರು. ಆಯ್ತಪ್ಪನಿಗೆ ಮಾತ್ರ ನಿರಾಳ. ತಾನು ಯಾವ ಕಡೆಯವನೂ ಅಲ್ಲ, ಚೀಟಿಯಲ್ಲಿ ಹೆಸರೂ ಇಲ್ಲ; ಗೆದ್ದವರು ದುಡಿಯಲಿ, ತಾನು ಕಡಲು ನೋಡಲಿ. ಪರೀಕ್ಷೆ ಬರೆಯುವ ಹುಡುಗನಂತೆ ಅಂಗೈ ಮರೆಮಾಡಿಕೊಂಡು, ನಿಜಕ್ಕೂ ತನಗೇನು ಬೇಕು ಎಂದು ಜೀವನದಲ್ಲಿ ಮೊದಲ ಸಲ ತನ್ನನ್ನೇ ಕೇಳಿಕೊಂಡ. ವರ್ಷಗಟ್ಟಲೆ ಕೂಡಿಸು ಕೂಡಿಸು ಎಂದು ಕುಟ್ಟಿದ ಬೆರಳುಗಳೇ ಉತ್ತರ ಕೊಟ್ಟವು. ‘ಬೇಕು’ ಎಂದು ಬರೆದ. ಅಭ್ಯಾಸಬಲದಿಂದ ಕೊನೆಗೊಂದು ಚುಕ್ಕಿಯನ್ನೂ ಇಟ್ಟ.

ಮುಖ್ಯಸ್ಥರು ಮೊದಲ ಚೀಟಿ ಬಿಡಿಸಿದರು. ಖಾಲಿ. ತಿರುಗಿಸಿ ನೋಡಿದರು, ಹಿಂದೆಯೂ ಖಾಲಿ. ಎರಡನೆಯದೂ ಖಾಲಿ, ಮೂರನೆಯದೂ. ನಾಲ್ಕನೆಯದರಲ್ಲಿ ‘ಬೇಕು’ ಎಂದಿತ್ತು. ಐದನೆಯದು ಮತ್ತೆ ಖಾಲಿ.

“ಒಂದೇ ಓಟಿಂದ ‘ಬೇಕು’ ಗೆದ್ದಿದೆ,” ಎಂದರು. “ಹಾಕಿದ್ದು ಯಾರು?”

“ನಾನು ಖಾಲಿ ಬಿಟ್ಟೆ,” ಎಂದರು ಪೂರ್ಣವಿರಾಮರು. “ವಾರವಾರ ಹೋಗಿ ನಿಲ್ಲೋಕೆ ಈ ಮಂಡಿ ಕೇಳಬೇಕಲ್ಲ.”

ತಾವೂ ಅಷ್ಟೇ ಎಂದರು ಅಕ್ಕ. ಹಳೆಯ ಪ್ರೋಗ್ರಾಮುಗಳನ್ನು ನೆನೆದು ಪೆನ್ನು ಮುಚ್ಚಿಟ್ಟೆನೆಂದು ಪರೀಕ್ಷಕ ಒಪ್ಪಿಕೊಂಡ. ಮೇಡಂ ಮೇಜನ್ನೇ ನೋಡುತ್ತ, ತಾವೂ ಏನೂ ಬರೆಯಲಿಲ್ಲವೆಂದರು. ಆಮೇಲೆ ಎಲ್ಲ ತಲೆಗಳೂ ಸೂರ್ಯಕಾಂತಿಯ ಹಾಗೆ ಒಂದೇ ಕಡೆಗೆ ತಿರುಗಿದವು.

ಲಿಫ್ಟಿನಲ್ಲಿ ಮಾತು ಕೊಟ್ಟು ಇಲ್ಲಿ ಮುರಿದವನ ಕೆಲಸ ತಾವೇಕೆ ನೋಡಿಕೊಳ್ಳಬೇಕು ಎನ್ನುತ್ತ ಪೂರ್ಣವಿರಾಮರು ಎದ್ದುಹೋದರು. ಮೇಡಂ ಬಂದು ಆಯ್ತಪ್ಪನ ಕೈ ಕುಲುಕಿದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

“ಮಾತು ಉಳಿಸಿಕೊಂಡೋರು ನೀವೊಬ್ಬರೇ ಸಾರ್. ಗೆದ್ದ ಕಡೆ ಇರೋರೂ ನೀವೊಬ್ಬರೇ. ನಾಳೆ ಬೇಗ ಬಂದುಬಿಡಿ.”

“ಆಯ್ತು,” ಎಂದಿತು ಅವನ ಬಾಯಿ.

ಮೆಟ್ಟಿಲು ಇಳಿಯುವಾಗ ಮತ್ತೆ ಫೋನು.

“ರಜೆ ಸಿಕ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿ.”

ಒಂದೇ ಮಾತಿನ ಬೆಲೆ ಆಯ್ತಪ್ಪನಿಗೆ ಈಗಷ್ಟೇ ತಿಳಿದಿತ್ತು. ಈ ಸಲ ಅವನು ಚೀಟಿಯನ್ನು ಖಾಲಿ ಬಿಟ್ಟ.

ಆ ಕಡೆಯಿಂದ ಸೂಟ್‌ಕೇಸಿನ ಜಿಪ್ಪು ಸರ್ರನೆ ಎಳೆದ ಸದ್ದು ಕೇಳಿಸಿತು. ತೆರೆದದ್ದೋ ಮುಚ್ಚಿದ್ದೋ ಗೊತ್ತಾಗಲಿಲ್ಲ. ಅತ್ತೆಯ ಚಪ್ಪಲಿಯ ಸದ್ದು ಮಾತ್ರ ಬಾಗಿಲ ಕಡೆಗೆ ನಡೆದಂತಿತ್ತು.