ದೀಪದ ಬತ್ತಿ ಏರಿದ ಗ್ಲಿಸರಿನ್

ಚಟ ಬಿಡುವುದಕ್ಕೆ ಮನುಷ್ಯ ಪಡುವಷ್ಟು ಪಾಡನ್ನು ಚಟಕ್ಕಾಗಿ ಎಂದೂ ಪಟ್ಟಿರುವುದಿಲ್ಲ. ನಾನು ಸಿಗರೇಟು ಬಿಡಲು ಹೊರಟದ್ದು ಕೆಮ್ಮಿಗೆ ಹೆದರಿಯಲ್ಲ, ಹೆಂಡತಿಗೆ ಹೆದರಿಯೂ ಅಲ್ಲ. ಇಡೀ ದೋಹಾ ಫುಟ್‌ಬಾಲ್ ವಿಶ್ವಕಪ್ಪಿಗೆಂದು ರಸ್ತೆ ಅಗೆದುಕೊಂಡು ಕೂತಿದ್ದ ಬೇಸಿಗೆ ಅದು. ಬಿನ್ ಒಮ್ರಾನ್‌ನ ನಮ್ಮ ಮನೆಯಲ್ಲಿ ಎರಡನೇ ಕ್ಲಾಸಿನ ಮಗಳು ಅನ್ವಿ ಮುಂಗಡವಾಗಿಯೇ ಸೀಟು ಹಂಚಿದಳು: "ಮ್ಯಾಚ್ ನೋಡೋವಾಗ ಸೋಫಾದಲ್ಲಿ ನಾನು, ಅಮ್ಮ. ಅಪ್ಪಾ, ನೀವು ಆ ಚೇರ್. ಯು ಸ್ಮೆಲ್." ಆ ಚೇರು ಇದ್ದದ್ದು ಚಪ್ಪಲಿ ಸ್ಟ್ಯಾಂಡಿನ ಪಕ್ಕ. ನಗಬೇಡಿ, ನನಗೆ ನಿಜವಾಗಿಯೂ ಅಳು ಬಂತು.

ಮರುದಿನ ಆಫೀಸಿನಲ್ಲಿ ಉಡುಪಿಯ ಗೆಳೆಯ ವಲೇರಿಯನ್‌ಗೆ ಹೇಳಿಕೊಂಡೆ. "ಸಿಗರೇಟ್ ಖಲಾಸ್ ಮಾಡಿ ಮಾರಾಯ್ರೆ, ವೇಪ್ ಹಿಡೀರಿ, ಹೊಗೆ ಅಲ್ಲ, ಬರೀ ಆವಿ ಎಳ್ಕೊಳ್ಳುದು. ಮಷೀನು ನನ್ನ ಭಾವ ತರ್ತಾನೆ. ಅಷ್ಟರೊಳಗೆ ನೀವು ಮನೇಲೇ ಲಿಕ್ವಿಡ್ ರೆಡಿ ಮಾಡಿ. ವೆಜಿಟೆಬಲ್ ಗ್ಲಿಸರಿನ್ ಅಷ್ಟೆ. ಆದ್ರೆ ತೆಳು ಆಗ್ಬೇಕು, ಮಷೀನಿನ ಒಳಗಿನ ಹತ್ತಿ ಎಳ್ಕೊಳ್ಬೇಕು" ಎಂದರು. ವೆಜಿಟೆಬಲ್ ಎಂದು ಕೇಳಿಯೇ ನನ್ನ ಮೈಸೂರಿನ ಮನಸ್ಸಿಗೆ ಅರ್ಧ ಪಾಪ ಕಳೆದಂತಾಯಿತು. ಅಂದೇ ಒಂದು ಬಾಟಲಿ ಕೊಂಡು ತಂದೆ.

ಗ್ಲಿಸರಿನ್ನನ್ನು ನೀವು ಸುಮ್ಮನೆ ಕೂತು ನೋಡಿದ್ದೀರೋ ಇಲ್ಲವೋ. ನೋಡಬೇಕು. ನೀರಿಗಿಂತ ತಿಳಿ, ಆದರೆ ಬಾಟಲಿ ಬಗ್ಗಿಸಿದರೆ ಮದುವೆಮನೆಯಿಂದ ಹೊರಟ ನೆಂಟರ ಹಾಗೆ ಹೊರಟೆ ಹೊರಟೆ ಎನ್ನುತ್ತಲೇ ಬಾಗಿಲಲ್ಲಿ ನಿಂತುಬಿಡುತ್ತದೆ. ಹತ್ತಿ ಎಳೆದುಕೊಳ್ಳುವುದೋ ಎಂದು ಪರೀಕ್ಷಿಸಲು ದೇವರ ಗೂಡಿನಿಂದ ಉದ್ದನೆಯ ದೀಪದ ಬತ್ತಿಯೊಂದನ್ನು ಕದ್ದು ತಂದು, ಬಟ್ಟಲಿನಲ್ಲಿ ಅದ್ದಿ ನಿಲ್ಲಿಸಿದೆ. ಮುಳುಗಿದ ಭಾಗವಷ್ಟೇ ಒದ್ದೆ, ಮೇಲೆ ಒಣಕಲು. ಲುಸೈಲ್‌ನ ದೊಡ್ಡ ದೊಡ್ಡ ಕಟ್ಟಡಗಳಿಗೆ ತಣ್ಣೀರು ಏರಿಸುವ ಪೈಪುಗಳ ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ಎಂಜಿನಿಯರ್ ನಾನು. ಒಂದು ಬತ್ತಿ ಏರಿಸಲಾರದೆ ಹೋದೆ.

ಬಿಸಿ ಮಾಡಿದರೆ ತೆಳುವಾಗುತ್ತದೆ ಎಂಬುದು ನೆನಪಾಯಿತು. ಜುಲೈ ತಿಂಗಳ ದೋಹಾದಲ್ಲಿ ಅದಕ್ಕೆ ಒಲೆ ಯಾಕೆ? ಬಾಟಲಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿಟ್ಟೆ. ಸಂಜೆ ನೋಡಿದರೆ ಗ್ಲಿಸರಿನ್ ನೀರಿನಂತೆ ಕುಲುಕುತ್ತಿದೆ! ಬೀಗುತ್ತಾ ಮೇಲೆ ತಂದೆ. ನಮ್ಮ ಮನೆಯ ಏಸಿಯಲ್ಲಿ ಅದು ನೋಡನೋಡುತ್ತಲೇ ಮೊದಲಿನ ಬಿಗುಮಾನಕ್ಕೆ ಮರಳಿತು. "ಏನ್ರೀ, ಸೇದ್ಬೇಕು ಅನ್ನಿಸಿದಾಗೆಲ್ಲ ಕಾರಲ್ಲಿ ಹೋಗಿ ಬೇಯ್ತೀರಾ?" ಎಂದಳು ಹೆಂಡತಿ ಸುಧಾ. "ನಮ್ಮಜ್ಜಿ ಹಿಮ್ಮಡಿಗೆ ಹಚ್ಕೊಳ್ಳೋವಾಗ ಚೂರು ನೀರು ಬೆರೆಸ್ತಿದ್ರು. ಬೆರೆಸಿ ನೋಡಿ."

ಫಾರ್ಮಸಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಗಾಜಿನ ಲೋಟದಲ್ಲಿದ್ದ ಗ್ಲಿಸರಿನ್‌ಗೆ ಹನಿಹನಿಯಾಗಿ ಬಿಟ್ಟೆ. ಆಗ ಕಂಡದ್ದನ್ನು ಹೇಗೆ ಹೇಳಲಿ! ಅದೂ ತಿಳಿ, ಇದೂ ತಿಳಿ. ಆದರೂ ಎರಡೂ ಸೇರುವಲ್ಲಿ ಬೆಳಕಿನದೇ ಎಳೆಗಳು ಎದ್ದು, ಬಳುಕಿ, ಸುರುಳಿ ಬಿಚ್ಚಿಕೊಂಡು ನಿಧಾನಕ್ಕೆ ಮಾಯವಾದವು. ಕಾದ ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಥೇಟ್ ಹಾಗೆ. ಸಿಗರೇಟಿನ ಹೊಗೆಯನ್ನು ಇಷ್ಟು ವರ್ಷ ಬಿಟ್ಟಿದ್ದೇನೆ, ಒಮ್ಮೆಯೂ ಹೀಗೆ ಕಣ್ಣರಳಿಸಿ ನೋಡಿದ್ದಿಲ್ಲ. "ಅಪ್ಪಾ, ವಾಟ್ ಈಸ್ ದಟ್?" ಎನ್ನುತ್ತಾ ಅನ್ವಿ ಬಂದು ಬಗ್ಗಿದಳು. ಬತ್ತಿ ನಿಲ್ಲಿಸಿದೆವು. ಒದ್ದೆಯ ಗೆರೆ ಮೆಲ್ಲಗೆ, ತಾನೇ ತಾನಾಗಿ ಮೇಲೇರತೊಡಗಿತು. "ಕ್ಲೈಂಬ್ ಆಗ್ತಿದೆ ಅಪ್ಪಾ!" ಎಂದು ಪಿಸುಗುಟ್ಟಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು.

ಆಮೇಲೆ ದಿನವೂ ಆಫೀಸಿನಿಂದ ಬಂದವನೇ, ಸಿಗರೇಟು ಸೇದಲು ಬಾಲ್ಕನಿಗೆ ಹೋಗುವುದನ್ನು ಬಿಟ್ಟು, ಲೋಟ ಹಿಡಿದು ಕೂರತೊಡಗಿದೆ. ಹೀಗಿರುವಾಗ ವಲೇರಿಯನ್ ಫೋನು: "ಮಷೀನು ಮಾಫಿ, ಇಲ್ಲವೇ ಇಲ್ಲ ಮಾರಾಯ್ರೆ! ಈ ದೇಶದಲ್ಲಿ ಅದು ಬ್ಯಾನ್ ಅಂತೆ. ಭಾವ ತರುದಿಲ್ಲ ಅಂದ." ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಭುಜಕ್ಕೆ ಒರಗಿ ಲೋಟ ನೋಡುತ್ತಿದ್ದ ಅನ್ವಿ ಅಂಗಿ ಮೂಸಿ, "ಸ್ಮೆಲ್ ಇಲ್ಲ. ಓಕೆ, ಸೋಫಾ" ಎಂದುಬಿಟ್ಟಳು.

ವಿಶ್ವಕಪ್ಪನ್ನು ನಾನು ಸೋಫಾದಲ್ಲೇ ನೋಡಿದೆ. ಹೇಗೆ ಬಿಟ್ಟಿರಿ ಎಂದು ಆಫೀಸಿನಲ್ಲಿ ಯಾರು ಕೇಳಿದರೂ, "ಎಲ್ಲಾ ಮನೋಬಲ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಒಮ್ಮೆ ಇದು ಸುಧಾಳ ಕಿವಿಗೂ ಬಿತ್ತು. ತಾನು ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದ ನನ್ನ ಗ್ಲಿಸರಿನ್ ಬಾಟಲಿಯನ್ನು ಬೋರಲಾಗಿ ಹಿಡಿದು ತೋರಿಸಿ, "ರೀ, ನಿಮ್ಮ ಮನೋಬಲ ಮುಗಿದುಹೋಗಿದೆ. ನಾಳೆ ಬರ್ತಾ ಇನ್ನೊಂದು ಬಾಟ್ಲಿ ತನ್ನಿ" ಎಂದಳು.