ಕೋಟೆ ಬಾಗಿಲಿನ ಕಾವಲುಗಾರ ಯಾರ ಪೈಕಿ?

ಅಂಗಡಿ ಇಟ್ಟವನ ಹಣೆಯಲ್ಲಿ ಸುಮ್ಮನೆ ಕೂಡುವುದು ಬರೆದಿಲ್ಲ. ಗಿರಾಕಿ ಬರದ ದಿನ ಜಗಳ ಬರುತ್ತದೆ, ಜಗಳ ಬರದ ದಿನ ಬೀಗರು ಬರುತ್ತಾರೆ. ಮೂರೂ ಒಟ್ಟಿಗೆ ಬಂದ ಒಂದು ವರ್ಷ ನನ್ನ ಪಾಲಿಗಿತ್ತು. ಅರಿವೆ ಮಾರುತ್ತಿದ್ದವನು ಹುಡುಗರ ಪುಸ್ತಕ ಮಾರಲು ಹೊರಟ ವರ್ಷ ಅದು.

೧. ಅವ್ವನ ಗಡುವು

ಬೀದರ ಕೋಟೆಯ ಬಾಗಿಲಿಗೆ ಎದುರಾಗಿ ನಮ್ಮ ಅಂಗಡಿ, ಅದರ ಹಿಂದೆ ಮನೆ. ನಿಜಾಮರ ಸಾಲೆಗಳಲ್ಲಿ ಪಾಠವೆಲ್ಲ ಉರ್ದು. ಮನೆಯಲ್ಲಿ ಕನ್ನಡ ಓದುವ ಹುಡುಗರಿಗೆ ಪುರಾಣ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಬಯಸುವವರಿದ್ದು ಮಾಲಿಲ್ಲದ ಕಡೆ ಮೊದಲು ಹೋದವನದೇ ಬಜಾರ ಎಂದುಕೊಂಡು ಓಣಿಯ ಮಾಸ್ತರರಿಂದ ಎರಡು ಸಣ್ಣ ಪುಸ್ತಕ ಬರೆಸಿದೆ. ಒಂದು ಕಟ್ಟುಕತೆ: ವೈರಿಗಳು ಬೀದರ ಕೋಟೆ ಮುತ್ತುತ್ತಾರೆ, ಒಬ್ಬ ಕಾವಲುಗಾರ ಲಂಚ ತಿಂದು ಬಾಗಿಲು ತೆಗೆಯುತ್ತಾನೆ, ಕೋಟೆ ಬೀಳುತ್ತದೆ. ಇನ್ನೊಂದು ನಡೆದ ಸಂಗತಿ: ಹಿಂದಿನವರು ಬಂಡೆ ಕೊರೆದು ನೆಲದೊಳಗೆ ನೀರು ಹರಿಸಿದ್ದು, ಬಿದರಿ ಕೆಲಸ ಬೆಳೆದದ್ದು, ಇಂಥವು. ಅರಿವೆ ತರಲು ಸೊಲ್ಲಾಪುರಕ್ಕೆ ಹೋದಾಗ ಅಲ್ಲೇ ಅಚ್ಚು ಹಾಕಿಸಿ, ಸೀರೆ ಗಂಟಿನ ಜೊತೆ ಚಕ್ಕಡಿಯಲ್ಲಿ ತಂದು ಜೋಳದ ಖೋಲಿಯಲ್ಲಿ ಒಟ್ಟಿದೆ.

ಖೋಲಿ ನೋಡಿ ಅವ್ವ ಸೊಂಟದ ಮೇಲೆ ಕೈ ಇಟ್ಟಳು. "ಅರಿವಿ ಹರಿದ್ರ ನೆಲಾ ಒರಸ್ಲಿಕ್ಕರ ಬರ್ತದ. ಕಾಗದ ಹರಿದ್ರ ಏನ್ ಮಾಡ್ತಿಯೊ?"

"ಹರಿಯೋದ್ರಾಗ ಮಾರ್ತೇನಿ ಯವ್ವಾ."

"ದೀಪಾವಳಿ ಎಣ್ಣಿ ನೀರಿನ ತನಕ ನೋಡ್ತೇನಿ. ಅಷ್ಟರಾಗ ಖೋಲಿ ಖಾಲಿ ಆಗ್ಲಿಲ್ಲಂದ್ರ ಹಂಡೇದ ಒಲಿಗೆ ಹಾಕಿ ನೀರು ಕಾಯಸ್ತೇನಿ. ನರಕಾಸುರನ ಜೋಡಿ ನಿನ್ನ ರಾಜರೂ ಹೋಗ್ಲಿ."

ಅವ್ವ ಬರೀ ಮಾತಿನ ಹೆಣ್ಣಲ್ಲ. ಕಿರುಗುಟ್ಟುತ್ತದೆಂದು ಅಪ್ಪನ ಕಾಲದ ಕುರ್ಚಿಯನ್ನೇ ಉರಿಸಿ ಹೋಳಿಗೆ ಬೇಯಿಸಿದವಳು. ಅಂದಿನಿಂದ ನನಗೆ ಕೂತರೆ ಕೂಡಲಾಗದು, ನಿಂತರೆ ನಿಲ್ಲಲಾಗದು.

ಸಂಜೆ ನನ್ನ ಮಗಳು ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತು ಕೋಟೆ ಕತೆ ಗಟ್ಟಿಯಾಗಿ ಓದುತ್ತಿದ್ದಳು. ಅವ್ವ ಒಳಗಿಂದ ಬೈದಳು: "ಸಣ್ಣಗ ಓದ, ತಲಿ ನೋಯ್ತದ." ಮಗಳು ಹೆದರಿ ಪುಸ್ತಕ ಮುಚ್ಚಿದಳು. ಕ್ಷಣ ಹೊತ್ತು ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಯಾಕ ಸುಮ್ಮನಾದಿ? ಬಾಗಲಾ ತೆಗದನೊ ಇಲ್ಲೊ ಆ ಹಾಳಾದಾಂವ?"

೨. ಮಣ್ಣಿನ ಗುಟ್ಟು

ಬೀದರದಲ್ಲಿ ಮೊದಲು ಪುಸ್ತಕ ಹಿಡಿದವರು ಬಿದರಿ ಕೆಲಸದ ಒಬ್ಬ ಸಾಹೇಬರು. ಅಂಗಿ ಅರಿವೆಗೆ ಬಂದಿದ್ದರು. ಕನ್ನಡ ಮಾತು ಬಲ್ಲರು, ಅಕ್ಷರ ಬಾರದು. ಅವರ ಕಸುಬಿನ ವಿಷಯವೂ ಇದೆ ಎಂದು ನಾನೇ ಉಮೇದಿಯಿಂದ ಓದಿ ಹೇಳಿದೆ: ಬಿದರಿ ಸಾಮಾನಿಗೆ ಕರಿ ಬಣ್ಣ ಬರುವುದು ಕೋಟೆಯೊಳಗಿನ ಹಳೇ ಮಣ್ಣಿನಿಂದ, ಇತ್ಯಾದಿ.

ಸಾಹೇಬರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. "ಅರೆ ಸೇಟ್, ಯೇ ಕ್ಯಾ ಗಜಬ್! ನಮ್ ಅಪ್ಪ, ತಾತ ಎಲ್ಲಾ ಬಾಯಿ ಮುಚ್ಕೊಂಡು ಸತ್ರು. ನೀವು ಗುಟ್ಟು ಛಾಪಿಸಿ ಮಾರ್ತೀರಿ?"

ಅದು ಬೀದರದಲ್ಲಿ ಆ ಮಣ್ಣು ಹೊರುವ ಕತ್ತೆಗೂ ಗೊತ್ತಿದ್ದ ಗುಟ್ಟು. "ಇದು ಹುಡುಗರ ಪುಸ್ತಕ ಸಾಹೇಬ್ರ. ಹುಡುಗರು ಓದಿ ಬಿದರಿ ಹುಕ್ಕಾ ಮಾಡ್ತಾರೇನ್ರಿ?"

"ಹುಡುಗರು ದೊಡ್ಡವರು ಆಗೋದಿಲ್ಲೇನು?"

ಸಾಹೇಬರು ಗಡ್ಡ ನೀವಿಕೊಂಡು, ಅಂಗಿ ಅರಿವೆ ಬಿಟ್ಟು ಪುಸ್ತಕವನ್ನೇ ಕೊಂಡರು. ಅಕ್ಷರ ಬಾರದವರಿಗೆ ಪುಸ್ತಕ ಯಾಕೆ ಎಂದರೆ, "ಪೆಟ್ಟಿಗೀಗೆ ಹಾಕಿ ಬೀಗ ಹಾಕ್ತೇನಿ ಸೇಟ್. ಒಂದು ಪುಸ್ತಕದಷ್ಟಾದ್ರೂ ಗುಟ್ಟು ಉಳೀಲಿ."

೩. ಭಾಲ್ಕಿಯ ಖರೇ ಸುಳ್ಳು

ಬೀದರದಲ್ಲಿ ಕೂತರೆ ಹಂಡೆಯೇ ಕಣ್ಣಿಗೆ ಬರುತ್ತಿತ್ತು. ಗಂಟು ಕಟ್ಟಿಕೊಂಡು ಭಾಲ್ಕಿ ಸಂತೆಗೆ ಹೋದೆ. ಅಂಗಡಿಯಲ್ಲಿ ನೇಯ್ಗೆಯ ಸುಳ್ಳು ಹೇಳಿದರೆ ತೊಳೆದಾಗ ತಿಳಿಯುತ್ತದೆ; ಅದಕ್ಕೆ ಮಾಲಿನ ಗುಣ ಇದ್ದಂತೆ ಹೇಳುವುದು ನನ್ನ ರೂಢಿ. ಕೋಟೆ ಪುಸ್ತಕ ಎತ್ತಿ, "ಇದು ಕಟ್ಟಿದ ಕತಿ" ಎಂದೆ. ನೀರಿನ ಪುಸ್ತಕ ಎತ್ತಿ, "ಇದು ಖರೇ ನಡದದ್ದು" ಎಂದೆ.

ಒಬ್ಬ ರೈತರು ಮೊಮ್ಮಗನಿಗೆಂದು ನೀರಿನ ಪುಸ್ತಕ ಹಿಡಿದು ವಿಚಾರಿಸಿದರು. ಬಂಡೆಯ ಹೊಟ್ಟೆಯಲ್ಲಿ ಸುರಂಗ, ಸುರಂಗದೊಳಗೆ ಕಾಲುವೆ, ಅದರ ನೀರು ಊರಿಗೆ ಎಂದು ವಿವರಿಸಿದೆ. ಅವರು ಪುಸ್ತಕ ಕೆಳಗಿಟ್ಟರು.

"ಸಾವಕಾರ್ರ, ನಾ ಬಾವಿ ತೋಡಿ ತೋಡಿ ಸೊಂಟಾ ಮುರಕೊಂಡೇನಿ. ಕಲ್ಲು ಹತ್ತಿದ ಮ್ಯಾಲ ಹನಿ ನೀರಿಲ್ಲ. ನಿಮ್ಮ ಬೀದರದಾಗ ಕಲ್ಲಿನೊಳಗ ಹೊಳಿ ಹರೀತದ? ಸಣ್ಣ ಹುಡುಗರಿಗೆ ಸುಳ್ಳು ಕಲಸ್ತೀರಿ?"

ಸುತ್ತ ನಿಂತವರೂ ನಕ್ಕರು. ಕಟ್ಟುಕತೆಯ ಪುಸ್ತಕವನ್ನೂ ಯಾರೂ ಮುಟ್ಟಲಿಲ್ಲ. ಸುಳ್ಳೆಂದು ಮಾರುವವನೇ ಹೇಳಿದ ಮೇಲೆ ಕೊಳ್ಳುವುದು ಯಾಕೆ ಎಂದರು. ಗಂಟು ಹೋದ ಹಾಗೇ ತಿರುಗಿ ಬಂತು. ಬಾಗಿಲಲ್ಲಿ ಅವ್ವ ಹಂಡೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಇನ್ನಷ್ಟು ಜೋರಾಗಿ ತಿಕ್ಕಿದಳು.

ಮರುವಾರ ಅದೇ ಜಾಗದಲ್ಲಿ ಕೂತು ಎರಡನ್ನೂ ತಿರುವಿ ಹೇಳಿದೆ. ಕೋಟೆ ಪುಸ್ತಕ ಖರೇ, ನೀರಿನ ಪುಸ್ತಕ ಕಟ್ಟಿದ್ದು. ಎರಡೂ ಬಿಸಿ ಭಜಿಯಂತೆ ಹೋದವು. ಅದೇ ರೈತರು ನೀರಿನ ಪುಸ್ತಕದ ಎರಡು ಪುಟ ಓದಿಸಿ ಕೇಳಿ ತಲೆದೂಗಿದರು: "ಹ್ಯಾಂಗ ಬರದಾನ್ರಿ ಮಾಸ್ತರ! ಕಲ್ಲಿನಾಗ ಹೊಳಿ! ಸುಳ್ಳು ಹೇಳಿದ್ರ ಹೀಂಗ ಹೇಳಬೇಕು."

೪. ಔರಾದದ ಬಡಿಗೆ

ಹೊಸ ಮಾತು ಫಲ ಕೊಟ್ಟಿತೆಂದು ಅದನ್ನೇ ಹಿಡಿದು ಔರಾದಕ್ಕೆ ಹೋದೆ. "ನಡದ ಸಂಗತಿ ಅದರಿ, ಅಕ್ಷರ ಅಕ್ಷರ ಖರೇ" ಎಂದು ಕೋಟೆ ಪುಸ್ತಕ ಹಂಚಿಬಿಟ್ಟೆ. ಮರುವಾರ ಹೋಗಿ ಇನ್ನೂ ಗಂಟು ಬಿಚ್ಚಿಲ್ಲ, ಚಿಂತಾಕಿಯ ಒಬ್ಬ ಮುದುಕ ಗೌಡರು ಬೆಳ್ಳಿ ಕಟ್ಟಿನ ಬಡಿಗೆ ಊರಿಕೊಂಡು ಎದುರಿಗೆ ನಿಂತರು.

"ಈ ಪುಸ್ತಕ ನಿಮ್ಮದೇನ್ರಿ?"

"ಹೌದ್ರಿ."

"ಬಾಗಲಾ ತೆಗದ ಕಾವಲುಗಾರ ನಮ್ಮ ಮನಿತನದಾಂವ."

ನನ್ನ ಕಣ್ಣೆಲ್ಲ ಆ ಬಡಿಗೆಯ ಮೇಲೆ. "ತಪ್ಪಾತ್ರಿ ಗೌಡ್ರ. ಆ ಹಾಳಿ ಹರದು ಒಗಿತೇನಿ."

ಗೌಡರು ಬಡಿಗೆಯಿಂದ ನೆಲ ಕುಟ್ಟಿದರು. "ಹರದ್ರ ನೋಡ್ರಿ ಮತ್ತ! ಹೆಸರು ಯಾಕ ಹಾಕಿಲ್ಲ ಅಂತ ಕೇಳ್ಲಿಕ್ಕೆ ಬಂದೇನಿ. ಅಷ್ಟು ದೊಡ್ಡ ಕೋಟಿ ಯಾರೋ ಹಾದಿಬೀದ್ಯಾಂವ ಕೆಡವಲಿಕ್ಕೆ ಆಗ್ತದೇನು? ಮನಿತನ ಬೇಕ್ರಿ, ಮನಿತನ!"

ಪಕ್ಕದಲ್ಲಿ ತೊಗರಿ ಮಾರಲು ಬಂದಿದ್ದ ಎಕಂಬಾದ ಪಾಟೀಲರು ಇದನ್ನು ಕೇಳಿ ಎದ್ದು ಬಂದರು. "ಇವರ ಮನಿತನದಾಗ ದನದ ಕೊಟ್ಟಿಗಿ ಬಾಗಲಾ ಮುಚ್ಚಲಿಕ್ಕೆ ಬರಂಗಿಲ್ಲ, ಕೋಟಿ ಬಾಗಲಾ ತೆಗೀತಾರ! ಸಾವಕಾರ್ರ, ಲಂಚ ತಿಂದಾಂವ ನಮ್ಮ ಮುತ್ಯಾ. ಊರಾಗ ಯಾರಿಗಿ ಬೇಕಾದ್ರೂ ಕೇಳ್ರಿ, ನಾವು ತಲಿತಲಾಂತರದಿಂದ ತಿಂದಾವರು."

ಇಬ್ಬರೂ ತಮ್ಮ ತಮ್ಮ ಭಾವಕಿಯ ಅಣ್ಣತಮ್ಮಂದಿರಿಗೆ ತೋರಿಸಲೆಂದು ಕೈಗೆ ಸಿಕ್ಕಷ್ಟು ಪುಸ್ತಕ ಎತ್ತಿಕೊಂಡರು. ಹಬ್ಬದ ಮೊದಲು ಬೀದರಕ್ಕೆ ಬಂದು ನ್ಯಾಯ ಮುಗಿಸುತ್ತೇವೆಂದರು. ಮನೆಯಲ್ಲಿ ಒಂದೇ ಗಂಟು ಉಳಿಯಿತು. ವ್ಯಾಪಾರಿಗೆ ಖುಷಿ; ಪೆಟ್ಟಿನ ಭಯ ಬೇರೆ ಖಾತೆ.

೫. ನ್ಯಾಯ

ಎಣ್ಣೆ ನೀರಿನ ಹಿಂದಿನ ದಿನ ಇಬ್ಬರೂ ತಮ್ಮ ತಮ್ಮ ಮಂದಿ ಕಟ್ಟಿಕೊಂಡು ನನ್ನ ಗಾದಿಯ ಮೇಲೆ ಬಂದು ಕೂತರು. ಹಬ್ಬದ ಸೀರೆಗೆ ಬಂದ ಬೀಗರೂ ತಮಾಷೆ ನೋಡಲು ಅಲ್ಲೇ ನಿಂತರು. ಒಳಗೆ ಅವ್ವ ಉಳಿದ ಗಂಟನ್ನು ಹಂಡೆಯ ಒಲೆಯ ಪಕ್ಕ ತಂದಿಟ್ಟು ಆಗಿತ್ತು. ನಾನು ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಲಾಳಿಯಂತೆ ಓಡಾಡುತ್ತಿದ್ದೆ.

ಕೊನೆಗೆ ಮಾಸ್ತರರನ್ನು ಎಳೆದುಕೊಂಡು ಬಂದೆ. ಪಾಪ, ಅವರು ಕೈ ಮುಗಿದರು: "ಅಂಥಾ ಕಾವಲುಗಾರ ಇರ್ಲೇ ಇಲ್ರಿ. ಕೋಟಿ ಬೀಳಬೇಕಿತ್ತು, ಬಾಗಲಾ ತೆಗೀಲಿಕ್ಕೆ ಒಬ್ಬಾಂವ ಬೇಕಿತ್ತು. ಊಟಾ ಮಾಡಿ ಕೂತಾಗ ನಾನೇ ಹುಟ್ಟಿಸಿದೆ."

ಗೌಡರು ಪಾಟೀಲರ ಮುಖ ನೋಡಿದರು. ಅಲ್ಲಿತನಕ ಹಾವು ಮುಂಗುಸಿಯಂತಿದ್ದವರು ಆಗ ಒಂದಾದರು. "ನಮ್ಮ ಮುತ್ಯಾನ ನೀವು ಹುಟ್ಟಿಸಿದ್ರಿ?" ಎಂದು ಗೌಡರು ಬಡಿಗೆ ಎತ್ತಿದರು. "ನಿನ್ನೆ ಮೊನ್ನೆ ಬೀದರಕ್ಕೆ ಬಂದಾವರು ನೀವು, ನಮ್ಮ ಹಿರಿಯರು ಇರ್ಲಿಲ್ಲಂತ ನಮಗೇ ಹೇಳ್ತೀರಿ?" ಎಂದು ಪಾಟೀಲರು ಅಂಗಿ ತೋಳು ಏರಿಸಿದರು. ಮಾಸ್ತರರು ಸೀರೆ ಗಂಟಿನ ಹಿಂದೆ ಅಡಗಿದರು.

ಆಗ ಒಳಗಿನ ಪರದೆ ಸರಿಯಿತು. ಅವ್ವ ಸೆರಗು ಬಿಗಿದು ನಡುವೆ ಬಂದು ನಿಂತಳು.

"ಬಡಿಗಿ ಕೆಳಗ ಇಡ್ರಿ ಗೌಡ್ರ. ಅಂವ ನಿಮ್ಮಾಂವ ಅಲ್ಲ. ಪಾಟೀಲ್ರ, ನಿಮ್ಮಾಂವನೂ ಅಲ್ಲ. ಬಾಗಲಾ ತೆಗದಾಂವ ನಮ್ಮ ಮನಿಯಾಂವ."

ನಾನೇ ಬಾಯಿ ತೆರೆದು ನಿಂತೆ.

"ಇದಕ ಏನು ಸಾಕ್ಷಿ ಅದರಿ ಅವ್ವಾರ?" ಪಾಟೀಲರು ಕೇಳಿದರು.

ಅವ್ವ ಕೈ ಬೀಸಿ ಅಂಗಡಿ ತೋರಿಸಿದಳು, ಆಮೇಲೆ ಎದುರಿನ ಕೋಟೆ ತೋರಿಸಿದಳು. "ಕಣ್ಣು ಅದಾವೊ ಇಲ್ಲೊ? ಲಂಚಾ ತಿಂದಿಲ್ಲಂದ್ರ ಕೋಟಿ ಬಾಗಲದ ಎದುರಿಗೆ ಇಷ್ಟು ದೊಡ್ಡ ಜಾಗಾ ನಮಗ ಹ್ಯಾಂಗ ಬಂತು?"

ಗೌಡರು ಬಡಿಗೆ ಕೆಳಗಿಟ್ಟರು, ಪಾಟೀಲರು ಅಂಗಿ ತೋಳು ಇಳಿಸಿದರು. ಇಬ್ಬರೂ ಸೋತ ಮುಖದಿಂದ ಹಬ್ಬದ ಅರಿವೆ ಕೊಂಡು ಶರಣು ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಯವ್ವಾ, ಒಲಿ ಹತ್ರ ಇಟ್ಟ ಗಂಟು? ನಾಳೆ ನೀರಿಗೆ...?"

ಅವ್ವ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಹಿರಿಯರನ್ನ ಸುಟ್ಟು ನೀರು ಕಾಯಸ್ತಾರೇನೊ, ಹುಚ್ಚಾ? ಗಂಟು ಎತ್ತಿ ದೇವರ ಜಗಲಿ ಮ್ಯಾಲ ಇಡು. ಹೋಗು, ಒಲಿಗೆ ತೊಗರಿ ಕಟಗಿ ತಾ!"